ಬರಿಗೈಗೆ ದಕ್ಕದ ಕಲ್ಲು

ಮಾರ್ವೆಲ್ ಚಿತ್ರಗಳ, ಅಪಾರ ಶಕ್ತಿ ತುಂಬಿದ ಆರು ಇನ್ಫಿನಿಟಿ ಸ್ಟೋನ್‌ಗಳಲ್ಲಿ ನನ್ನನ್ನು ಹೆಚ್ಚು ಕಾಡಿರುವುದು ನೇರಳೆ ಬಣ್ಣದ ಪವರ್ ಸ್ಟೋನ್. 2014ರ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ಯಲ್ಲಿ, ಲೋಹದ ಗುಂಡಿನೊಳಗೆ ಅಡಗಿದ್ದ ಈ ಕಲ್ಲನ್ನು ಕಲೆಕ್ಟರ್ ಎಂಬಾತ ಹೆಮ್ಮೆಯಿಂದ ತೆರೆದು ತೋರಿಸುತ್ತಿರುವಾಗ, ಅವನ ದಾಸ್ಯದಿಂದ ಬೇಸತ್ತ ಸೇವಕಿ ಕರೀನಾ ಅದನ್ನು ಬರಿಗೈಯಲ್ಲಿ ಹಿಡಿಯುತ್ತಾಳೆ. ಮರುಕ್ಷಣವೇ ಅವಳ ಮೈಮೇಲೆ ನೇರಳೆ ಬೆಳಕು ಹಬ್ಬಿ, ಸ್ಫೋಟಕ್ಕೆ ಸುತ್ತಲಿನ ಸಂಗ್ರಹವೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ. ಅದೇ ಕಲ್ಲನ್ನು ಕೊನೆಯಲ್ಲಿ ಚಿತ್ರದ ನಾಯಕ ಪೀಟರ್ ಕ್ವಿಲ್ ಹಿಡಿದಾಗ, ಗೆಳೆಯರು ಒಬ್ಬರ ಕೈಯನ್ನೊಬ್ಬರು ಹಿಡಿದು ಆ ಯಾತನೆಯನ್ನು ಹಂಚಿಕೊಳ್ಳುತ್ತಾರೆ. ಕ್ವಿಲ್ ಬದುಕುಳಿದದ್ದಕ್ಕೆ ಅವನು ಪೂರ್ತಿ ಮನುಷ್ಯನಲ್ಲ ಎಂಬ ಕಾರಣವನ್ನೂ ಚಿತ್ರ ಕೊಡುತ್ತದೆ. ನನಗಂತೂ ಆ ಹಿಡಿದ ಕೈಗಳೇ ಸಾಕಿದ್ದವು.

ಸ್ಪೇಸ್ ಸ್ಟೋನ್ ಎಂಬ ಇನ್ನೊಂದು ಕಲ್ಲನ್ನು ಒಳಗಿಟ್ಟುಕೊಂಡ ನೀಲಿ ಘನ ಟೆಸರಾಕ್ಟ್‌ನ ಬಗೆಯೇ ಬೇರೆ. ಹೈಡ್ರಾ ಎಂಬ ಖಳರ ಸಂಘಟನೆಯ ಆಯುಧಗಳಿಗೆ ಅದು ಶಕ್ತಿಯ ಆಕರವಾಗಿ ದುಡಿದರೂ, 2011ರ ‘ಕ್ಯಾಪ್ಟನ್ ಅಮೆರಿಕ: ದ ಫಸ್ಟ್ ಅವೆಂಜರ್’ ಚಿತ್ರದಲ್ಲಿ ಹೈಡ್ರಾದ ಮುಖಂಡ ರೆಡ್ ಸ್ಕಲ್ ಅದನ್ನು ಕೈಗೆತ್ತಿಕೊಂಡೊಡನೆ ಅವನನ್ನೇ ಆಕಾಶದಾಚೆಗೆ ಸೆಳೆದೊಯ್ಯುತ್ತದೆ.

1991ರ ‘ಇನ್ಫಿನಿಟಿ ಗಾಂಟ್ಲೆಟ್’ ಕಾಮಿಕ್ಸ್‌ನಲ್ಲಿ ಮಾತ್ರ ಅಪಾಯವಿರುವುದು ಕಲ್ಲಿನಲ್ಲಿ ಅಲ್ಲ, ಗೆದ್ದವನ ಮೈಮರೆವಿನಲ್ಲಿ. ಆರೂ ಕಲ್ಲುಗಳನ್ನು ಕೂರಿಸಿದ ಕೈಗವಸು ತೊಟ್ಟು, ಚಿಟಿಕೆ ಹೊಡೆದು ಬ್ರಹ್ಮಾಂಡದ ಅರ್ಧದಷ್ಟು ಜೀವಿಗಳನ್ನು ಅಳಿಸಿದ ಖಳನಾಯಕ ಥ್ಯಾನೋಸ್ ವಿಶ್ವರೂಪ ತಾಳುವ ಆತುರದಲ್ಲಿ ತನ್ನ ದೇಹವನ್ನೇ ಬಿಟ್ಟು ಹೋದಾಗ, ಅವನು ಹಿಂಸಿಸಿದ್ದ ನೆಬ್ಯುಲಾ ಸದ್ದಿಲ್ಲದೆ ಆ ಕೈಗವಸನ್ನು ಕಳಚಿಕೊಳ್ಳುತ್ತಾಳೆ.