ಸ್ವಂತ ಕೋರಿಕೆ ಮೇರೆಗೆ ವರ್ಗಾವಣೆ

2012ರ ಬೇಸಿಗೆಯಲ್ಲಿ ಅಪ್ಪ ಮೂರು ತಿಂಗಳಿಗೆ ಅಂತ ಸಿಯಾಟಲ್‌ಗೆ ಬಂದಿದ್ದರು. ಒಂದು ತಿಂಗಳಾಗುವಷ್ಟರಲ್ಲೇ ಬೇಜಾರು ಶುರುವಾಯಿತು. ಬೆಳಗ್ಗೆ ಕಾಫಿ ಜೊತೆಗೆ ಪೇಪರ್ ಇಲ್ಲ, ವಾಕಿಂಗ್ ಹೋದರೆ ನಿಂತು ಮಾತಾಡುವವರಿಲ್ಲ. "ಇಲ್ಲಿಯವರು ಏನು ನೋಡ್ತಾರೋ ಅದನ್ನೇ ತೋರಿಸೋ" ಅಂದರು. ಸರಿ, ಜುಲೈ 23ರ ಸೋಮವಾರ ಸಂಜೆ ಸಿಯಾಟಲ್ ಮ್ಯಾರಿನರ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ಪಂದ್ಯಕ್ಕೆ ಎರಡು ಟಿಕೆಟ್ ತೆಗೆದೆ. ಅಪ್ಪನಿಗೆ ಅಂತ ಬೆನ್ನ ಮೇಲೆ 51 ಇರುವ ಒಂದು ಟೀ ಶರ್ಟನ್ನೂ ತಂದೆ.

51 ಅಂದರೆ ಮ್ಯಾರಿನರ್ಸ್‌ನ ಜಪಾನಿ ಆಟಗಾರ ಇಚಿರೋ ಸುಜುಕಿ. ನಾನು ಈ ಆಟ ನೋಡಲು ಕಲಿತಿದ್ದೇ ಅವನಿಂದ.

ಟಿಕೆಟ್ ತೆಗೆದ ದಿನದಿಂದ ರಾತ್ರಿ ಊಟಕ್ಕೆ ಕೂತಾಗಲೆಲ್ಲ ಅಪ್ಪನಿಗೆ ಅವನ ಕತೆ ಹೇಳುತ್ತಿದ್ದೆ. ಏಳು ವರ್ಷದ ಹುಡುಗನಾಗಿದ್ದಾಗಿನಿಂದ ಅವನಪ್ಪ ನೊಬುಯುಕಿ ದಿನಾ ಮೈದಾನಕ್ಕೆ ಕರೆದುಕೊಂಡು ಹೋಗಿ ಪ್ರಾಕ್ಟೀಸ್ ಮಾಡಿಸಿದ್ದು, ಜಪಾನಿನ ಓರಿಕ್ಸ್ ತಂಡದಲ್ಲಿ 1994ರಿಂದ ಸತತ ಏಳು ವರ್ಷ ಬ್ಯಾಟಿಂಗ್‌ನಲ್ಲಿ ಮೊದಲ ಸ್ಥಾನ ಬಿಟ್ಟುಕೊಡದೇ ಇದ್ದಿದ್ದು, ಆಮೇಲೆ 2001ರಲ್ಲಿ ಇಲ್ಲಿಗೆ ಬಂದಿದ್ದು. ಅಲ್ಲಿಯವರೆಗೆ ಜಪಾನಿನಿಂದ ಅಮೆರಿಕಕ್ಕೆ ಬಂದವರೆಲ್ಲ ಚೆಂಡು ಎಸೆಯುವ ಪಿಚರ್‌ಗಳೇ. ಎಲ್ಲರೂ ಚೆಂಡನ್ನು ಸಿಕ್ಸರ್ ಥರ ಮೈದಾನದಾಚೆ ಹೊಡೆಯುವ ಹೋಮ್ ರನ್ ಹಿಂದೆ ಬಿದ್ದಿದ್ದ ಕಾಲದಲ್ಲಿ ಈ ಸಣಕಲು ಮನುಷ್ಯ ಚೆಂಡನ್ನು ಸುಮ್ನೆ ನೆಲಕ್ಕೆ ತಟ್ಟಿ ಓಡುತ್ತಿದ್ದ. ಎಡಗೈ ಬ್ಯಾಟಿಂಗ್ ಆದ್ದರಿಂದ ಓಡಿ ಮುಟ್ಟಬೇಕಾದ ಮೊದಲ ಬೇಸ್ ಅವನಿಗೆ ಒಂದು ಹೆಜ್ಜೆ ಹತ್ತಿರ, ಅದೂ ಸಾಲದು ಅಂತ ಬ್ಯಾಟ್ ಬೀಸುತ್ತಿರುವಾಗಲೇ ಕಾಲು ಅತ್ತ ಕಡೆ ಹೊರಟಿರುತ್ತಿತ್ತು. ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ ಒಂದು ಹಿಟ್. ಬಂದ ವರ್ಷವೇ ಅಂಥ 242 ಹಿಟ್, .350 ಸರಾಸರಿ. ಆ ವರ್ಷದ ಹೊಸಬರಲ್ಲಿ ಶ್ರೇಷ್ಠ, ಇಡೀ ಲೀಗಿನಲ್ಲಿ ಶ್ರೇಷ್ಠ, ಎರಡು ಪ್ರಶಸ್ತಿಯೂ ಅವನಿಗೇ.

".350 ಅಂದ್ರೆ?"

"ಹತ್ತು ಸಲ ಬ್ಯಾಟ್ ಹಿಡಿದ್ರೆ ಮೂರೂವರೆ ಸಲ ಹಿಟ್."

"ಹತ್ತರಲ್ಲಿ ಆರೇಳು ಸಲ ಔಟಾಗೋನು ದೊಡ್ಡ ಆಟಗಾರನೇನೋ!"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ 2004ರ ವಿಷಯ ಹೇಳಿದಾಗ ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳಿದರು. ಜಾರ್ಜ್ ಸಿಸ್ಲರ್ ಅನ್ನುವವನು 1920ರಲ್ಲಿ ಒಂದೇ ಸೀಸನ್‌ನಲ್ಲಿ 257 ಹಿಟ್ ಹೊಡೆದಿದ್ದ. 84 ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ. ಇಚಿರೋ 262 ಹೊಡೆದ. ದಾಖಲೆ ಮುರಿದ ಆ ಕ್ಷಣದಲ್ಲಿ ಸಿಸ್ಲರ್‌ನ ಮಗಳು ಸ್ಟೇಡಿಯಮ್ಮಿನಲ್ಲೇ ಕೂತಿದ್ದರು. ವಯಸ್ಸಾದ ಹೆಂಗಸು. ಇಚಿರೋ ಆಟದ ಮಧ್ಯೆಯೇ ಅವರಿದ್ದಲ್ಲಿಗೆ ಹೋಗಿ ಬಗ್ಗಿ ಕೈ ಕುಲುಕಿದ. "ಒಳ್ಳೇ ಸಂಸ್ಕಾರ" ಅಂದರು ಅಪ್ಪ. ಅಲ್ಲಿಗೆ ಪಾರ್ಟಿ ಸೇರಿಕೊಂಡರು ಅನ್ನಿ.

ಸೋಮವಾರ ಬಂತು. ಸಿಯಾಟಲ್ ಪಕ್ಕದ ಬೆಲ್‌ವ್ಯೂನಿಂದ ಬಸ್ಸಿನಲ್ಲಿ ಹೋಗುತ್ತಿದ್ದಾಗ ಗೆಳೆಯನೊಬ್ಬನ ಮೆಸೇಜ್: ಇಚಿರೋನನ್ನು ಯಾಂಕೀಸ್‌ಗೆ ಕೊಟ್ಟುಬಿಟ್ಟರು. ನಾನು ತಮಾಷೆ ಅಂದುಕೊಂಡೆ. ತಮಾಷೆ ಆಗಿರಲಿಲ್ಲ. ಇಬ್ಬರು ಹುಡುಗ ಪಿಚರ್‌ಗಳನ್ನು ತೆಗೆದುಕೊಂಡು, ಹನ್ನೊಂದೂವರೆ ಸೀಸನ್ ಆಡಿ 2,533 ಹಿಟ್ ಹೊಡೆದವನನ್ನು ಎದುರಾಳಿಗೆ ಬಿಟ್ಟುಕೊಟ್ಟಿದ್ದರು. ಅದೂ ಅವತ್ತೇ ಅದೇ ಎದುರಾಳಿ ಜೊತೆ ಪಂದ್ಯ. ಅಂದರೆ ಅವನು ಊರು ಬಿಡುವ ಹಾಗೂ ಇಲ್ಲ, ಒಂದೇ ಕಟ್ಟಡದಲ್ಲಿ ಈ ಡ್ರೆಸಿಂಗ್ ರೂಮಿನಿಂದ ಆ ಡ್ರೆಸಿಂಗ್ ರೂಮಿಗೆ ಹೋಗಬೇಕು, ಅಷ್ಟೇ.

ಅಪ್ಪನಿಗೆ ಹೇಗಪ್ಪ ಹೇಳೋದು ಅಂತ ಹೆದರುತ್ತಲೇ ಹೇಳಿದೆ. ಕಂದಾಯ ಇಲಾಖೆಯಲ್ಲಿ 33 ವರ್ಷ ದುಡಿದವರು, ಅರಕಲಗೂಡು, ಕಡೂರು, ಪಾವಗಡ ಅಂತ ನಮ್ಮನ್ನೆಲ್ಲ ಪಾತ್ರೆಪಗಡೆ ಸಮೇತ ಲಾರಿಯಲ್ಲಿ ಹೊತ್ತುಕೊಂಡು ಅಲೆದವರು, ಒಂದು ಕ್ಷಣವೂ ಆಶ್ಚರ್ಯಪಡಲಿಲ್ಲ.

"ವರ್ಗ ಆಯ್ತು ಅನ್ನು. ಅವರಾಗಿ ಹಾಕಿದ್ದೋ, ಇವನು ಕೇಳಿದ್ದೋ?"

ಫೋನಿನಲ್ಲಿ ನೋಡಿದೆ. ಅವನೇ ಕೇಳಿಕೊಂಡಿದ್ದ. ತಂಡದಲ್ಲಿ ಈಗ ಜಾಸ್ತಿ ಇಪ್ಪತ್ತರ ಆಸುಪಾಸಿನ ಹುಡುಗರು, ಮುಂದಿನ ವರ್ಷ ತಾನು ಇಲ್ಲಿರಬಾರದು ಅನ್ನಿಸಿತು ಅಂದಿದ್ದ. ಆಗವನಿಗೆ 38. ಸತತ ಹತ್ತು ವರ್ಷ 200 ಹಿಟ್ ದಾಟಿದವನು 2011ರಲ್ಲಿ 184ಕ್ಕೆ ನಿಂತಿದ್ದ.

"ಕೋರಿಕೆ ವರ್ಗಾವಣೆ ಹಾಗಾದ್ರೆ. ಟಿಎ ಇಲ್ಲ, ಜಾಯಿನಿಂಗ್ ಟೈಮೂ ಇಲ್ಲ. ಮಧ್ಯಾಹ್ನ ರಿಲೀವ್ ಆಗಿ ಸಾಯಂಕಾಲವೇ ಡ್ಯೂಟಿ ರಿಪೋರ್ಟು" ಅಂತ ಅಪ್ಪ ಕಿಟಕಿ ಕಡೆ ತಿರುಗಿದರು. ಸ್ವಲ್ಪ ಹೊತ್ತಾದ ಮೇಲೆ ತಮ್ಮ ಎದೆ ಮೇಲಿನ ಅಕ್ಷರ ನೋಡಿಕೊಂಡು, "ನಾನು ಹಳೇ ಆಫೀಸಿನ ಯೂನಿಫಾರ್ಮ್ ಹಾಕ್ಕೊಂಡು ಬಂದಿದೀನಲ್ಲೋ" ಅಂದರು.

ಸೇಫ್ಕೋ ಫೀಲ್ಡ್ ಸ್ಟೇಡಿಯಂ ತುಂಬ ಆ ಯೂನಿಫಾರ್ಮೇ ಇತ್ತು. ಎಲ್ಲಿ ನೋಡಿದರೂ 51. ಮೈದಾನದಲ್ಲಿ ಮಾತ್ರ ಅವನು ಯಾಂಕೀಸ್‌ನ ಬೂದು ಬಟ್ಟೆಯಲ್ಲಿ, ಬೆನ್ನ ಮೇಲೆ 31. ಅಲ್ಲಿ 51 ಬರ್ನಿ ವಿಲಿಯಮ್ಸ್ ಅನ್ನುವ ದೊಡ್ಡ ಆಟಗಾರನ ನಂಬರು, ಅದನ್ನು ಕೇಳುವುದು ಸರಿಯಲ್ಲ ಅಂತ ಬಿಟ್ಟಿದ್ದ. ಇಲ್ಲಿ ಹೆಚ್ಚಾಗಿ ಮೊದಲನೆಯವನಾಗಿ ಬ್ಯಾಟ್ ಮಾಡುತ್ತಿದ್ದವನು ಅವತ್ತು ಎಂಟನೆಯವನು.

ಅವನ ಸರದಿ ಬಂದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. ಅವನು ಹೆಲ್ಮೆಟ್ ತೆಗೆದು ಬಗ್ಗಿ ನಮಸ್ಕರಿಸಿದ. ಇನ್ನೊಂದು ಕಡೆ ತಿರುಗಿ ಮತ್ತೆ ಬಗ್ಗಿದ. ಪಕ್ಕದಲ್ಲಿ ಬೆಳ್ಳುಳ್ಳಿ ಹಾಕಿದ ಫ್ರೈಸ್ ತಿನ್ನುತ್ತಿದ್ದ ದಢೂತಿ ಮನುಷ್ಯ ಎಂಜಲು ಕೈಯಲ್ಲೇ ಕಣ್ಣು ಒರೆಸಿಕೊಂಡ, ಪಾಪ ಇನ್ನಷ್ಟು ಉರಿದಿರಬೇಕು. ಅಪ್ಪನೂ ಎದ್ದು ನಿಂತಿದ್ದರು. ಆಟದ ಒಂದು ನಿಯಮವೂ ಗೊತ್ತಿಲ್ಲದ ಮನುಷ್ಯ ಚಪ್ಪಾಳೆ ತಟ್ಟುತ್ತಲೇ ಇದ್ದರು. ಆಮೇಲೆ ಇಚಿರೋ ಏನು ಮಾಡಿದ ಗೊತ್ತಾ? ಇಷ್ಟು ವರ್ಷ ಮಾಡಿದ್ದನ್ನೇ. ಪಿಚರ್ ಪಕ್ಕದಿಂದ ಚೆಂಡು ದಾಟಿಸಿ ಮೊದಲ ಬೇಸ್ ಸೇರಿದ, ಆಮೇಲೆ ಪಿಚರ್ ಚೆಂಡು ಎಸೆಯುವಷ್ಟರಲ್ಲಿ ಓಡಿ ಎಲ್ಲರ ಕಣ್ಣೆದುರೇ ಎರಡನೇ ಬೇಸನ್ನೂ ಕದ್ದ. ನಮ್ಮವರ ಮೇಲೇ ಕದ್ದರೂ ನಮ್ಮವರೇ ಕೂಗಿದರು. ಪಂದ್ಯ 4-1ರಲ್ಲಿ ಯಾಂಕೀಸ್ ಗೆದ್ದಿತು. ಯಾರಿಗೂ ಅದು ಮುಖ್ಯವಾದ ಹಾಗೆ ಕಾಣಲಿಲ್ಲ.

ಅಪ್ಪ ಊರಿಗೆ ವಾಪಸ್ ಹೋದ ಮೇಲೂ ಫೋನಿನಲ್ಲಿ "ಅವನು ಈಗ ಎಲ್ಲಿದಾನೆ?" ಅಂತ ಕೇಳುತ್ತಿದ್ದರು. ಮಯಾಮಿಗೆ ವರ್ಗ ಆಗಿದೆ ಅಂತಿದ್ದೆ. 2018ರಲ್ಲಿ ಸಿಯಾಟಲ್‌ಗೇ ವಾಪಸ್ ಬಂದ. 2019ರ ಮಾರ್ಚ್‌ನಲ್ಲಿ, 45ನೇ ವಯಸ್ಸಿನಲ್ಲಿ, ಟೋಕಿಯೋದಲ್ಲಿ ಮ್ಯಾರಿನರ್ಸ್ ಬಟ್ಟೆಯಲ್ಲೇ ಕೊನೇ ಪಂದ್ಯ ಆಡಿದ. "ಹಳೇ ಆಫೀಸಿಂದ, ಅದೂ ತನ್ನ ದೇಶದಲ್ಲೇ ರಿಟೈರ್. ಎಷ್ಟು ಜನಕ್ಕೆ ಸಿಗುತ್ತೆ" ಅಂದರು ಅಪ್ಪ.

2025ರಲ್ಲಿ ಅವನಿಗೆ, ಬೇಸ್‌ಬಾಲ್‌ನ ಮಹಾನ್ ಆಟಗಾರರಿಗೆ ಓಟು ಹಾಕಿ ಕೊಡುವ ಹಾಲ್ ಆಫ್ ಫೇಮ್ ಗೌರವ ಬಂತು. 394 ಓಟಿನಲ್ಲಿ 393 ಅವನಿಗೆ. ಫೋನ್ ಮಾಡಿ ಹೇಳಿದೆ.

"ಆ ಒಬ್ಬ ಯಾರಂತೆ?"

"ಹೆಸರು ಹೊರಗೆ ಬಂದಿಲ್ಲಪ್ಪ. ಅವನನ್ನ ಮನೆಗೆ ಕರೆದು ಡ್ರಿಂಕ್ ಕೊಡಿಸ್ತೀನಿ ಅಂತ ಇಚಿರೋನೇ ತಮಾಷೆ ಮಾಡಿದಾನೆ."

"ಬಂದಿರಲ್ಲ ಬಿಡು. ನಮ್ಮ ಆಫೀಸಲ್ಲೂ ಅಂಥವನೊಬ್ಬ ಇದ್ದ" ಅಂದರು ಅಪ್ಪ, ಮತ್ತೆ ಅರ್ಧ ಗಂಟೆ ಅವನ ಕತೆಯೇ.