ಕಿಂಗ್‌ಸ್ಟನ್ ಸೇತುವೆ: ಮೂರನೇ ಹೊಳೆ ಗಟ್ಟಿಯಾಯಿತು

ನನ್ನ ಮಾದರಿ ಸೇತುವೆಯ ಕೆಳಗಿನ ಹೊಳೆಗೆ ಬೆರಳಿಟ್ಟು ನೋಡಿದೆ, ಅಂಟಲಿಲ್ಲ! ಹೆಂಡತಿಯನ್ನೂ ಕರೆದು ಮುಟ್ಟಿಸಿದೆ. "ಇದಕ್ಕಾ ಎರಡು ತಿಂಗಳಿಂದ ಕಾರು ಹೊರಗೆ ನಿಂತಿರೋದು?" ಅಂದಳು.

ನಾನು ಮಾಡುತ್ತಿರುವುದು ನ್ಯೂಜೆರ್ಸಿಯ ಕಿಂಗ್ಸ್ ಹೈವೇ ಹಿಸ್ಟಾರಿಕ್ ಡಿಸ್ಟ್ರಿಕ್ಟಿನ ಕಿಂಗ್‌ಸ್ಟನ್ ತುದಿಯ ಪುಟ್ಟ ಮಾದರಿ, 1:87ರಲ್ಲಿ, ಅಂದರೆ ನಿಜದ 87ನೇ ಒಂದು ಭಾಗದ ಅಳತೆಯಲ್ಲಿ. ಅಲ್ಲಿನ ಮೂಲನಿವಾಸಿ ಲೆನಾಪೆ ಜನರ ಕಾಲುದಾರಿ ಆಮೇಲೆ ಇಂಗ್ಲೆಂಡ್ ರಾಜನ ರಸ್ತೆಯಾಯಿತು. ಕಿಂಗ್‌ಸ್ಟನ್ ಕಡೆ ಈಗ ಅದು ರೂಟ್ 27. ಲಾರೆನ್ಸ್‌ವಿಲ್‌ನಿಂದ ಪ್ರಿನ್ಸ್‌ಟನ್ ಹಾದು ಬರುವ ಈ ರಸ್ತೆಯ ಭಾಗ 2000ದಲ್ಲಿ ಅಮೆರಿಕದ ಐತಿಹಾಸಿಕ ತಾಣಗಳ ಪಟ್ಟಿಯಾದ ನ್ಯಾಷನಲ್ ರಿಜಿಸ್ಟರ್ ಸೇರಿತು. ನನ್ನ ಕಣ್ಣು ಮಾತ್ರ ಮಿಲ್‌ಸ್ಟೋನ್ ಹೊಳೆಯ ನಾಲ್ಕು ಕಮಾನಿನ ಕಲ್ಲು ಸೇತುವೆ ಮೇಲೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ವೇಳೆ, 1777ರ ಜನವರಿಯಲ್ಲಿ ಪ್ರಿನ್ಸ್‌ಟನ್ ಕಾಳಗ ಮುಗಿಸಿ ಹೊರಟ ವಾಷಿಂಗ್ಟನ್ ಸೈನ್ಯ, ಬ್ರಿಟಿಷರು ಬೆನ್ನಟ್ಟದಿರಲಿ ಅಂತ ಅಲ್ಲಿದ್ದ ಹಳೇ ಸೇತುವೆಯನ್ನು ಕೆಡವಿತ್ತು. ಈಗಿನದು 1798ರದ್ದು. ಕಳೆದ ತಿಂಗಳು ನನ್ನದನ್ನೂ ಕೆಡವೋಣ ಅನ್ನಿಸಿತ್ತು.

ಕಮಾನು ಎರಕ ಹೊಯ್ದದ್ದು, ಕಲ್ಲು ಗೀರಿದ್ದು, ಬಣ್ಣ, ಎಲ್ಲ ಮಾಮೂಲು. ಕಾಡಿದ್ದು ನೀರು.

ಮೊದಲ ಸಲ ನೀರಿನ ಬದಲು ರೆಸಿನ್ (ಗಟ್ಟಿಯಾಗುವ ಪಾರದರ್ಶಕ ದ್ರವ) ಸುರಿದು ಮಲಗಿದೆ. ಬೆಳಿಗ್ಗೆ ನೋಡಿದರೆ ಕಂಬಗಳ ಬುಡದಿಂದ ಅರ್ಧ ಇಂಚು ಮೇಲಕ್ಕೆ ಕಪ್ಪು ಕಲೆ! ಟೀಯಲ್ಲಿ ಅದ್ದಿದ ರಸ್ಕಿನ ಹಾಗೆ ಪ್ಲಾಸ್ಟರ್ ರೆಸಿನ್ ಹೀರಿಕೊಂಡಿತ್ತು. ಉಳಿ ಹಿಡಿದು ಹೊಳೆಯನ್ನೇ ಕಿತ್ತೆ. ಕಂಬಗಳನ್ನು ಮತ್ತೆ ಎರಕ ಹೊಯ್ದು, ಊರಿಂದ ತಂದ ಫೆವಿಕಾಲ್‌ಗೆ ನೀರು ಬೆರೆಸಿ ಎರಡು ಸಲ ಬಳಿದೆ. ಕಲೆ ಏರುವುದು ನಿಂತಿತು.

ಎರಡನೇ ಸಲ ಹೊಳೆ ಗಟ್ಟಿಯಾಗಲೇ ಇಲ್ಲ. ನಾಲ್ಕು ದಿನ ಕಾದರೂ ಅದೇ ಬೆಲ್ಲದ ಪಾಕ. ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸಬೇಕು; ಎಷ್ಟು ಅನ್ನುವುದಕ್ಕೆ ಬಾಟಲಿ ಮೇಲೆ ಬರೀ 1:1 ಅಂತ ಇತ್ತು. ತೂಕವೋ ಅಳತೆಯೋ? ಅಂಗಡಿಯವನಿಗೆ ಬರೆದರೆ "ಹೌದು" ಅಂತ ಉತ್ತರ ಬಂತು! ನಾನು ತೂಕ ಮಾಡಿದ್ದೆ. ಹಾರ್ಡನರ್ ರೆಸಿನ್‌ಗಿಂತ ಹಗುರ ಅಲ್ವಾ? ಸಮ ತೂಕ ಹಾಕಿದರೆ ಹಾರ್ಡನರೇ ಜಾಸ್ತಿ ಆಗುತ್ತದೆ. ಮೇಲಾಗಿ ಗ್ಯಾರೇಜ್ ಚಳಿಯಲ್ಲಿ ನಡುಗುತ್ತಿತ್ತು. ಮೂರನೇ ಸಲ ಕೆಮ್ಮಿನ ಔಷಧಿಯ ಅಳತೆ ಲೋಟ ಹಿಡಿದೆ. ಹೀಟರ್ ಇಟ್ಟೆ. ಒಂದೊಂದು ಪದರ ಮೂರೇ ಮಿಲಿಮೀಟರ್. ಅಷ್ಟೇ ಸಾಕಾಯಿತು.

ಬಾಕಿ ಇರುವುದು ಸೇತುವೆಯ ಮೈಲಿ ಕಲ್ಲು: ಫಿಲಡೆಲ್ಫಿಯಾಕ್ಕೆ 45, ನ್ಯೂಯಾರ್ಕಿಗೆ 50. ಈ ಅಳತೆಯಲ್ಲಿ ಕೆತ್ತಲು ಸೂಜಿಯೂ ದಪ್ಪ.

ಆದರೆ ಮನಸ್ಸು ಆಗಲೇ ಶ್ರೀರಂಗಪಟ್ಟಣಕ್ಕೆ ಓಡಿದೆ. ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ! ಕಲ್ಲು ಕಂಬ, ಮೇಲೆ ಕಲ್ಲು ತೊಲೆ. ಕಮಾನಿನ ರಗಳೆಯೇ ಇಲ್ಲ. ನೀರಿನ ಕಥೆ ಏನು ಅಂತೀರಾ? ಕಡು ಬೇಸಿಗೆಯ ಕಾವೇರಿ ಮಾಡುತ್ತೇನೆ. ಬರೀ ಬಂಡೆ.