ಮಾರುಕಟ್ಟೆ ಮಹಡಿ ಹತ್ತುವುದಿಲ್ಲ

ಮೈಸೂರಿನ ಚಿಕ್ಕ ಗಡಿಯಾರದ ಬುಡದಲ್ಲಿ ನಿಂತರೆ ಎರಡು ಹಳೆಯ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಒಂದು ದೇವರಾಜ ಮಾರುಕಟ್ಟೆ, ಇನ್ನೊಂದು ಲ್ಯಾನ್ಸ್‌ಡೌನ್ ಕಟ್ಟಡ. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಮ್ಮ ಊರಿನಲ್ಲಿ ಈ ಎರಡರ ಬಗ್ಗೆ ಒಂದೇ ಪ್ರಶ್ನೆ ಸುತ್ತುತ್ತಿದೆ: ಕೆಡವಿ ಕಟ್ಟಬೇಕೇ, ರಿಪೇರಿ ಮಾಡಿ ಉಳಿಸಬೇಕೇ? ತಜ್ಞರ ಸಮಿತಿಗಳು ಬಂದು ಹೋದವು, ವರದಿಗಳು ಬಂದವು, ವಿಷಯ ಹೈಕೋರ್ಟಿನವರೆಗೂ ಹೋಯಿತು. ನಾನು ಕಟ್ಟಡದ ಕೆಲಸದಲ್ಲೇ ಅನ್ನ ತಿನ್ನುವವನು. ರಿಂಗ್ ರಸ್ತೆಯ ಆಚೆ ಏಳುತ್ತಿರುವ ಅಪಾರ್ಟ್‌ಮೆಂಟುಗಳಿಗೆ ಕಂಬಿ ಎಣಿಸುವುದು, ಸ್ಲ್ಯಾಬಿಗೆ ನೀರು ಕಟ್ಟಿಸುವುದು ನನ್ನ ದಿನಚರಿ. ಆದ್ದರಿಂದ ಮನೆಯಲ್ಲಿ, ಮದುವೆ ಮನೆಯಲ್ಲಿ, ಸಿಕ್ಕವರೆಲ್ಲ ಈ ಪ್ರಶ್ನೆಯನ್ನು ನನ್ನ ಮುಂದೆ ಇಡುತ್ತಾರೆ. ನನ್ನ ಉತ್ತರ ಅವರಿಗೆ ರುಚಿಸುವುದಿಲ್ಲ, ಏಕೆಂದರೆ ಆ ಪ್ರಶ್ನೆಯೇ ಅರ್ಧದ್ದು ಎಂದು ನನಗನ್ನಿಸುತ್ತದೆ.

ಮೊದಲು ಬಿದ್ದದ್ದರ ಮಾತು. ಲ್ಯಾನ್ಸ್‌ಡೌನ್ ಕಟ್ಟಡವು ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದುಹೋದದ್ದರ ನೆನಪಿಗೆ 1892ರಲ್ಲಿ ಕಟ್ಟಿದ್ದು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಕೆಳಗಿನ ಅಂಗಡಿಗಳನ್ನು ಖಾಲಿ ಮಾಡಿಸಿದರು. ಶಾಲೆ ತೆರೆಯುವ ತಿಂಗಳಲ್ಲಿ ಹಳೆಯ ಪಠ್ಯಪುಸ್ತಕಕ್ಕಾಗಿ ಅಪ್ಪನ ಕೈ ಹಿಡಿದು ನಾನು ಅಲೆದಿದ್ದ ಆ ಕಮಾನುಗಳ ಸಾಲು ಅಂದಿನಿಂದ ಬಿಕೋ ಎನ್ನತೊಡಗಿತು. ನಾಲ್ಕು ವರ್ಷದ ಮೇಲೆ, 2016ರ ಆಗಸ್ಟಿನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಉತ್ತರ ಭಾಗ, ಧನ್ವಂತರಿ ರಸ್ತೆಯ ಕಡೆಯದು, ಕುಸಿಯಿತು. ಎರಡೂ ಸಲ ಆಗಸ್ಟ್ ತಿಂಗಳಾದದ್ದನ್ನು ನಾನು ಕಾಕತಾಳೀಯ ಎನ್ನಲಾರೆ. ಜೂನ್, ಜುಲೈ ಮಳೆಯನ್ನು ಕುಡಿದ ಗೋಡೆ ಆಗಸ್ಟಿಗೆ ಬರುವ ಹೊತ್ತಿಗೆ ತನ್ನ ಭಾರವನ್ನೇ ಹೊರಲಾರದಷ್ಟು ತೊಯ್ದಿರುತ್ತದೆ.

ಹಳೆಯ ಕಟ್ಟಡ ವಯಸ್ಸಾಗಿ ಬೀಳುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಾನು ಕಂಡಂತೆ ಬಹುತೇಕ ಹಳೆಯ ಕಟ್ಟಡಗಳನ್ನು ಬೀಳಿಸುವುದು ವಯಸ್ಸಲ್ಲ, ನೀರು. ಅದರ ಜೊತೆಗೆ ನಮ್ಮ ಸಿಮೆಂಟು. ಆ ಕಾಲದ ಗೋಡೆಗಳು ಸುಣ್ಣದ ಗಾರೆಯವು. ಗಾಣದಲ್ಲಿ ಅರೆದ ಸುಣ್ಣ, ಮರಳು, ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ನೀರು ಸೇರಿಸಿ ಕಟ್ಟಿದ ಗೋಡೆ ಮಳೆಗಾಲದಲ್ಲಿ ಎಳೆದುಕೊಂಡ ತೇವವನ್ನು ಬೇಸಗೆಯಲ್ಲಿ ಹೊರಗೆ ಬಿಡುತ್ತದೆ. ಮೇಲಿನ ಚಾವಣಿ ಮದ್ರಾಸ್ ತಾರಸಿ: ಮರದ ತೊಲೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿ ಜೋಡಿಸಿದ ತೆಳು ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಹಾಸು, ಕಡೆಗೆ ಮಟ್ಟದ ಹೆಂಚು. ಇದರ ಪ್ರಾಣ ಇರುವುದು ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಗೇಣುದ್ದದಲ್ಲಿ. ಆ ಗೇಣು ಒಣಗಿದ್ದರೆ ನೂರು ವರ್ಷವಾದರೂ ಚಿಂತೆಯಿಲ್ಲ; ಅಲ್ಲಿ ನೀರು ನಿಂತರೆ ಹೊರಗಿನಿಂದ ನೋಡುವವನಿಗೆ ಸುಳಿವೇ ಸಿಗದಂತೆ ಮರ ಒಳಗೊಳಗೇ ಹುಡಿಯಾಗುತ್ತದೆ.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಗ್ರಹಾರದ ಒಂದು ಹಳೆಯ ಮನೆಯ ದುರಸ್ತಿ ನನ್ನ ಪಾಲಿಗೆ ಬಂದಿತ್ತು. ಗೋಡೆಯ ಗಾರೆ ಅಲ್ಲಲ್ಲಿ ಉದುರುತ್ತಿತ್ತು. ನಾನು ಬಹಳ ತಿಳಿದವನಂತೆ ಎಲ್ಲವನ್ನೂ ಕೆತ್ತಿಸಿ, ಸಿಮೆಂಟಿನಲ್ಲಿ ನುಣುಪಾಗಿ ಪ್ಲಾಸ್ಟರ್ ಮಾಡಿಸಿ, ಮೇಲೆ ಬಣ್ಣ ಹೊಡೆಸಿದೆ. ಮನೆಯವರು ಸಂತೋಷಪಟ್ಟು ನನಗೆ ಊಟ ಹಾಕಿದರು. ಎರಡು ಮಳೆಗಾಲ ಕಳೆಯುವುದರೊಳಗೆ ಪ್ಲಾಸ್ಟರು ಹಪ್ಪಳದಂತೆ ಉಬ್ಬಿ, ತಟ್ಟಿದರೆ ಡಬ್‌ಡಬ್ ಎನ್ನುತ್ತಿತ್ತು. ಒಂದು ಮೂಲೆಯನ್ನು ಒಡೆಸಿ ನೋಡಿದೆ. ಒಳಗಿನ ಗಾರೆ ಕೈಯಲ್ಲಿ ಹಿಡಿದರೆ ನೆನೆದ ಅವಲಕ್ಕಿಯ ಹಾಗೆ ಮುದ್ದೆಯಾಗುತ್ತಿತ್ತು. ಗೋಡೆ ಉಸಿರಾಡುವ ದಾರಿಯನ್ನು ನಾನೇ ಮುಚ್ಚಿದ್ದೆ. ಆ ಮನೆಯ ಮುಂದೆ ಹಾದುಹೋಗುವಾಗ ಈಗಲೂ ನನಗೆ ತಲೆ ಎತ್ತಲು ಆಗುವುದಿಲ್ಲ. ಸಾರ್ವಜನಿಕ ಕಟ್ಟಡಗಳಲ್ಲಿ ಇಂಥದ್ದೇ ತೇಪೆ, ಅದರ ಮೇಲೊಂದು ತೇಪೆ, ತಾರಸಿಯ ಮೇಲೆ ನೀರಿನ ಟ್ಯಾಂಕು, ಗೋಡೆಯನ್ನು ಕೊರೆದು ಎಳೆದ ಪೈಪು, ಕಟ್ಟಿಕೊಂಡ ಚರಂಡಿ ಇವೆಲ್ಲ ದಶಕಗಟ್ಟಲೆ ಸೇರಿದಾಗ ಏನಾಗುತ್ತದೆ ಎಂಬುದನ್ನು ಊಹಿಸಲು ಹೆಚ್ಚಿನ ವಿದ್ಯೆ ಬೇಕಾಗಿಲ್ಲ.

ಹಾಗಾದರೆ ಉಳಿಸಬಹುದೇ? ಯಾವ ಭಾಗ ಎಷ್ಟು ಕೆಟ್ಟಿದೆ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಸುಣ್ಣದ ಕೆಲಸ ಬಲ್ಲ ಗಾರೆ ಕೆಲಸದವರು ಸಿಗುವುದು ಕಷ್ಟ, ಸಿಕ್ಕರೂ ಕೆಲಸ ನಿಧಾನ, ಮತ್ತು ನಿಧಾನವಾದದ್ದಕ್ಕೆ ಟೆಂಡರು ಬರೆಯುವುದು ನಮ್ಮ ವ್ಯವಸ್ಥೆಗೆ ಬಾರದು. ಅದೇ ರೂಪದಲ್ಲಿ ಹೊಸದಾಗಿ ಕಟ್ಟುತ್ತೇವೆ ಎಂಬ ಮಾತಿನಲ್ಲಿ ನನಗೆ ಪೂರ್ತಿ ನಂಬಿಕೆಯಿಲ್ಲ. ಆರ್‌ಸಿಸಿ ಚೌಕಟ್ಟಿಗೆ ಕಮಾನಿನ ಮುಖವಾಡ ಹಾಕುವುದು ನಮ್ಮ ಕಸುಬಿನಲ್ಲಿ ಒಂದು ವಾರದ ಕೆಲಸ. ಆದರೆ ನಾನು ಹೇಳಹೊರಟದ್ದು ಅದಲ್ಲ. ಉಳಿಸಬೇಕೆನ್ನುವವರೂ ಕೆಡವಬೇಕೆನ್ನುವವರೂ ಜಗಳವಾಡುತ್ತಿರುವುದು ಮಾರುಕಟ್ಟೆಯ ಮುಖಕ್ಕಾಗಿ. ಮಾರುಕಟ್ಟೆ ಇರುವುದು ಅದರ ನೆಲದಲ್ಲಿ.

ದೇವರಾಜ ಮಾರುಕಟ್ಟೆಯ ನೆಲವನ್ನು ಒಮ್ಮೆ ಗಮನಿಸಿ ನೋಡಬೇಕು. ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೂ ಅದು ಚಾಚಿಕೊಂಡಿದೆ. ಆ ರಸ್ತೆಯಲ್ಲೇ ದಸರೆಯ ಜಂಬೂ ಸವಾರಿ ಬನ್ನಿಮಂಟಪಕ್ಕೆ ಹೋಗುವುದು. ಹೊರಗೆ ರಸ್ತೆಗೆ ಮುಖಮಾಡಿದ ಅಂಗಡಿಗಳು, ಒಳಗೆ ಬಯಲಿನಲ್ಲಿ ಸಾಲು ಕಟ್ಟೆಗಳು. ಒಟ್ಟಿನಲ್ಲಿ ಸುಮಾರು ಎಂಟು ನೂರು ಅಂಗಡಿಗಳು ಒಂದೇ ಮಟ್ಟದಲ್ಲಿವೆ. ಯಾರೂ ಯಾರ ತಲೆಯ ಮೇಲೂ ಇಲ್ಲ. ಒಂದು ಬಾಗಿಲಿನಿಂದ ಹೊಕ್ಕವರು ಹೂವಿನ ಸಾಲು ದಾಟಿ, ಗೋಪುರದಂತೆ ಒಟ್ಟಿದ ಕುಂಕುಮ, ಅರಿಸಿನ, ರಂಗೋಲಿ ಬಣ್ಣಗಳನ್ನು ದಾಟಿ, ಬಾಳೆಗೊನೆಗಳ ನಡುವೆ ನುಸುಳಿ, ಇನ್ನೊಂದು ಬಾಗಿಲಿನಿಂದ ಹೊರಬೀಳುತ್ತಾರೆ. ಒಂದು ಮಾರು ಮಲ್ಲಿಗೆ ಕೊಳ್ಳಲು ಬಂದ ನನ್ನ ತಾಯಿ ಎಂದೂ ಬರೀ ಮಲ್ಲಿಗೆಯೊಂದಿಗೆ ಮನೆಗೆ ಮರಳಿದ್ದಿಲ್ಲ. ದಾರಿಯಲ್ಲಿ ಈರನಗೆರೆ ಬದನೆ ಕಂಡರೆ ಅದು ಚೀಲಕ್ಕೆ ಬೀಳಲೇಬೇಕು, ನಂಜನಗೂಡು ರಸಬಾಳೆ ಎಂದು ಕೂಗಿದವನ ಹತ್ತಿರ ಅದು ನಿಜವಾದ ರಸಬಾಳೆಯೇ ಎಂದು ಜಗಳವಾಗಲೇಬೇಕು. ಹಾದುಹೋಗುವವರ ಕಾಲ ದಾರಿಯೇ ಅಲ್ಲಿನ ವ್ಯಾಪಾರ. ತೂತು ಬಿದ್ದ ಚಾವಣಿಯ ಕೆಳಗೂ ಆ ವ್ಯಾಪಾರ ನಿಂತಿಲ್ಲ ಎಂದರೆ ಅದಕ್ಕೆ ಆ ನೆಲವೇ ಕಾರಣ.

ಈಗ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಬನ್ನಿ. ಅಲ್ಲಿ ಹಳೆಯ ಕಟ್ಟಡದ ಮುಖವನ್ನು ಉಳಿಸಿಕೊಂಡು, ಹಿಂದೆ 1990ರ ದಶಕದಲ್ಲಿ ಮಹಡಿಗಳ ಹೊಸ ಸಂಕೀರ್ಣ ಕಟ್ಟಿದರು. ಕಾಗದದ ಮೇಲೆ ಎರಡೂ ಪಕ್ಷದವರಿಗೆ ಸಮಾಧಾನವಾಗಬೇಕಾದ ಯೋಜನೆ ಅದು: ಪರಂಪರೆಯೂ ಉಳಿಯಿತು, ಅಂಗಡಿಗಳೂ ಹೆಚ್ಚಿದವು. ಬೆಳಗಿನ ಜಾವ ಹೋಗಿ ನೋಡಿದರೆ ಕಾಣುವುದು ಬೇರೆ. ಹೂವಿನ ವ್ಯಾಪಾರವೆಲ್ಲ ಕೆಳಗೆ ಕಿಕ್ಕಿರಿದಿರುತ್ತದೆ. ತರಕಾರಿ ಹೊರಗಿನ ರಸ್ತೆಯ ಮೇಲೇ ಹರಡಿಕೊಂಡಿರುತ್ತದೆ. ಮೇಲೆ ಹೋದದ್ದು ಸಲಕರಣೆ, ಯಂತ್ರದ ಬಿಡಿಭಾಗಗಳಂಥ ಸರಕು. ಕೊಳ್ಳುವವನು ಹುಡುಕಿಕೊಂಡು ಬರುವ, ಬಾಡದ, ಕೊಳೆಯದ ಸರಕು. ನಲವತ್ತು ಕಿಲೋ ಕೋಸಿನ ಮೂಟೆ ಹೊತ್ತ ಹಮಾಲಿ ಮೆಟ್ಟಿಲು ಹತ್ತುವುದಿಲ್ಲ, ಹತ್ತಿದರೂ ಅವನ ಹಿಂದೆ ಗಿರಾಕಿ ಹತ್ತುವುದಿಲ್ಲ. ಮೊದಲ ಮಹಡಿಯ ಕಟಕಟೆಗೆ ಒರಗಿ ಕೆಳಗಿನ ಹೂವಿನ ರಾಶಿಯ ಫೋಟೊ ತೆಗೆಯುವವರು ಮಾತ್ರ ಆ ಮೆಟ್ಟಿಲುಗಳನ್ನು ಖುಷಿಯಿಂದ ಹತ್ತುತ್ತಾರೆ.

ಬೆಳೆಯುವ ನಗರದ ನಡುಮಧ್ಯದ ಜಾಗಕ್ಕೆ ಬೆಲೆ ಹೆಚ್ಚು, ಆದ್ದರಿಂದ ಅಲ್ಲಿ ಮಹಡಿ ಏರಿಸಲೇಬೇಕು ಎಂಬ ಲೆಕ್ಕ ನನಗೆ ಅರ್ಥವಾಗುತ್ತದೆ. ನನ್ನ ಸಂಬಳ ಬರುವುದೂ ಅದೇ ಲೆಕ್ಕದಿಂದ. ಆದರೆ ಇದೇ ಮೈಸೂರಿನಲ್ಲಿ 1903ರಷ್ಟು ಹಿಂದೆಯೇ ನಗರಾಭಿವೃದ್ಧಿಗೆಂದು ಪ್ರತ್ಯೇಕ ಟ್ರಸ್ಟ್ ಮಂಡಳಿ ಹುಟ್ಟಿತ್ತು. ಪ್ಲೇಗಿನ ಪೆಟ್ಟು ತಿಂದಿದ್ದ ಊರು ಅದು. ಅಂದಿನ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕಸ, ಮಲ ಸಾಗಿಸಲೆಂದೇ ಕಿರುಗಲ್ಲಿಗಳನ್ನು ಬಿಟ್ಟಿದ್ದರು. ಕೊಳಕು ಯಾವ ದಾರಿಯಿಂದ ಹೊರಗೆ ಹೋಗಬೇಕು ಎಂಬುದನ್ನು ಮೊದಲು ಯೋಚಿಸಿ ಆಮೇಲೆ ಮನೆ ಕಟ್ಟಿದ ಜನ ಅವರು. ನಾವು ಮೊದಲು ಮುಂಭಾಗದ ಬಣ್ಣದ ಚಿತ್ರ ಮಾಡಿಸುತ್ತೇವೆ. ಆ ಚಿತ್ರಗಳಲ್ಲಿ ಯಾವಾಗಲೂ ಒಂದು ಕಾರಂಜಿ ಇರುತ್ತದೆ, ಏಕೋ ಗೊತ್ತಿಲ್ಲ.

ಕಳೆದ ಸಲ ಮಾರುಕಟ್ಟೆಗೆ ಹೋದಾಗ ವೀಳ್ಯದೆಲೆಯ ಕಟ್ಟೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಅಪ್ಪನ ಕಾಲದಿಂದ ನಾವು ಎಲೆ ತರುವುದು ಅಲ್ಲಿಂದಲೇ. ಯಜಮಾನರು ಎಲೆಯ ಕಟ್ಟುಗಳನ್ನು ಒದ್ದೆ ಗೋಣಿಯ ಮೇಲೆ ಜೋಡಿಸಿ, ಮಾತಾಡುತ್ತಲೇ ಚೊಂಬಿನಿಂದ ನೀರು ಚಿಮುಕಿಸುತ್ತಿದ್ದರು. ಬೆಳಗಿನಿಂದ ರಾತ್ರಿಯವರೆಗೆ ಅವರು ಹೀಗೆ ಸುರಿಯುವ ನೀರು ನಾಲ್ಕೈದು ಬಿಂದಿಗೆಯಾದರೂ ಆದೀತು. ಹೂವಿನವರದು ಅದಕ್ಕಿಂತ ಹೆಚ್ಚು, ಸೊಪ್ಪಿನವರದು ಇನ್ನೂ ಹೆಚ್ಚು.

“ಏನಪ್ಪಾ ಇಂಜಿನಿಯರ್ರೇ, ಹೊಸದು ಕಟ್ಟುತ್ತಾರಂತಲ್ಲ, ನಿಮಗೇನಾದರೂ ಗೊತ್ತೇ?” ಎಂದರು.

“ನನಗೆಲ್ಲಿ ಗೊತ್ತು ಯಜಮಾನರೇ, ನಾನು ಅಪಾರ್ಟ್‌ಮೆಂಟಿನವನು” ಎಂದೆ.

“ಕಟ್ಟಲಿ ಬಿಡಿ. ಆದರೆ ಈ ನೀರು ಎಲ್ಲಿಗೆ ಹೋಗುತ್ತದೆ ಅಂತ ಬರೆದಿದ್ದಾರಾ, ಅದನ್ನು ಕೇಳಿ ಹೇಳಿ” ಎಂದು ಕಟ್ಟೆಯ ಕೆಳಗಿನ ಕಲ್ಲಿನ ಚರಂಡಿಯನ್ನು ಕಾಲಿನಿಂದ ತೋರಿಸಿದರು.

ನಾನು ಬಗ್ಗಿ ನೋಡಿದೆ. ಎರಡು ಬೆರಳಗಲದ, ಅರ್ಧ ಕೊಳೆತ ಎಲೆ ತುಂಬಿದ ಕಾಲುವೆ. ಆದರೂ ನೀರು ನಿಂತಿರಲಿಲ್ಲ, ಕಟ್ಟೆಯಿಂದ ಓಣಿಗೆ, ಓಣಿಯಿಂದ ಆಚೆಗೆ ಮೆಲ್ಲಗೆ ಹರಿಯುತ್ತಿತ್ತು. ಈ ಮಾರುಕಟ್ಟೆ ಎದ್ದದ್ದು ದಿವಾನ್ ಪೂರ್ಣಯ್ಯನವರು ಕಾವೇರಿ ನೀರು ತರಲೆಂದು ತೋಡಿಸಿದ್ದ ನಾಲೆಯನ್ನು ಮುಚ್ಚಿದ ಜಾಗದಲ್ಲಿ ಎಂದು ಹಳಬರು ಹೇಳುವುದನ್ನು ಕೇಳಿದ್ದೇನೆ. ನೀರು ತನ್ನ ಹಳೆಯ ಇಳಿಜಾರನ್ನು ಮರೆತಿಲ್ಲವೋ, ಅಥವಾ ಆ ಕಾಲದ ಮೇಸ್ತ್ರಿ ಮಟ್ಟ ನೋಡಿ ಕಲ್ಲು ಕೂರಿಸಿದ್ದನೋ. ನಾನು ಜೇಬಿನ ಟೇಪು ತೆಗೆದು ಕಟ್ಟೆಯ ಎರಡು ತುದಿಗಳಲ್ಲಿ ಚರಂಡಿಯ ಆಳವನ್ನು ಅಳೆದು, ಎಲೆ ಕಟ್ಟಿಕೊಟ್ಟಿದ್ದ ಪೇಪರಿನ ಅಂಚಿನಲ್ಲಿ ಬರೆದುಕೊಂಡೆ. ಯಜಮಾನರು ಇನ್ನೊಂದು ಚೊಂಬು ನೀರು ಹಾಕಿ, “ಈಗ ಸರಿಯಾಗಿ ನೋಡಿ” ಎಂದರು.